ಶೇಖ್ ಬಹಾಯಿ: ಲೆಬನಾನಿನಿಂದ ಇರಾನಿಗೆ ಬಂದ ಧರ್ಮಗುರು, ಲೆಕ್ಕದ ಮೇಷ್ಟ್ರು

ಸುಮಾರು ನಾನೂರು ವರ್ಷಗಳ ಹಿಂದೆ ಇರಾನಿನಲ್ಲಿದ್ದ ಒಬ್ಬ ಶಿಯಾ ಧರ್ಮಗುರು ಅರಬ್ಬಿಯಲ್ಲಿ ಒಂದು ಲೆಕ್ಕದ ಪುಸ್ತಕ ಬರೆದರು. ಹೆಸರು 'ಖುಲಾಸತ್ ಅಲ್ ಹಿಸಾಬ್', ಅಂದರೆ ಲೆಕ್ಕದ ಸಾರ. ಹತ್ತು ಅಧ್ಯಾಯ. ಕೂಡುವುದು, ಕಳೆಯುವುದರಿಂದ ಶುರುವಾಗಿ ಬೀಜಗಣಿತದವರೆಗೂ ಹೋಗುತ್ತದೆ. ಹತ್ತೂ ಮುಗಿದ ಮೇಲೆ ಒಂದು ಚಿಕ್ಕ ಕೊನೆಯ ಭಾಗ ಇದೆ. ಅಲ್ಲಿ ಏಳು ಲೆಕ್ಕಗಳಿವೆ, ಉತ್ತರಗಳಿಲ್ಲ. ಹಿಂದಿನಿಂದ ಯಾರಿಗೂ ಬಿಡಿಸೋಕೆ ಆಗದೆ ಉಳಿದ ಲೆಕ್ಕಗಳು ಇವು ಅಂತ ಅವರೇ ಪಟ್ಟಿ ಮಾಡಿ ಓದುವವರ ಮುಂದೆ ಇಟ್ಟಿದ್ದಾರೆ.

ನಾಲ್ಕನೆಯದು ನೋಡಿ: ಒಂದು ಘನಸಂಖ್ಯೆಯನ್ನು ಎರಡು ಘನಸಂಖ್ಯೆಗಳಾಗಿ ಒಡೆಯಬೇಕು. ಗಣಿತದಲ್ಲಿ ಸ್ವಲ್ಪ ಆಸಕ್ತಿ ಇರುವವರಿಗೆ ತಕ್ಷಣ ಫ್ರೆಂಚ್ ಗಣಿತಜ್ಞ ಫರ್ಮಾ ನೆನಪಾಗುತ್ತಾನೆ. ಹಾಗೆ ಒಡೆಯೋಕೆ ಆಗುವುದೇ ಇಲ್ಲ ಅಂತ ಅವನು ತನ್ನ ಪುಸ್ತಕದ ಅಂಚಿನಲ್ಲಿ ಆ ಪ್ರಸಿದ್ಧ ಟಿಪ್ಪಣಿ ಬರೆದದ್ದು 1637ರ ಸುಮಾರಿಗೆ. ನಮ್ಮ ಈ ಲೇಖಕರು 1621ರಲ್ಲೇ ತೀರಿಕೊಂಡಿದ್ದರು! ಪ್ರಶ್ನೆ ಇವರದ್ದೇ ಸ್ವಂತದ್ದಲ್ಲ, ಹತ್ತನೇ ಶತಮಾನದಲ್ಲೇ ಅಲ್ ಖುಜಂದಿ ಎಂಬ ಗಣಿತಜ್ಞ ಇದು ಸಾಧ್ಯವಿಲ್ಲ ಅಂತ ಸಾಧಿಸೋಕೆ ಹೊರಟಿದ್ದ, ಆ ಸಾಧನೆಯಲ್ಲಿ ದೋಷ ಇತ್ತು. 18ನೇ ಶತಮಾನದಲ್ಲಿ ಆಯ್ಲರ್ ಘನಗಳ ವಿಷಯ ಕೈಗೆತ್ತಿಕೊಂಡ. ಎರಡಕ್ಕಿಂತ ದೊಡ್ಡ ಎಲ್ಲ ಘಾತಗಳಿಗೂ ಅನ್ವಯಿಸುವ ಆಂಡ್ರ್ಯೂ ವೈಲ್ಸ್ ಅವರ ಸಾಧನೆ ಪ್ರಕಟವಾದದ್ದು 1995ರಲ್ಲಿ.

ಎರಡನೆಯ ಲೆಕ್ಕ: ಹತ್ತು ಕೂಡಿದರೂ ವರ್ಗಸಂಖ್ಯೆ, ಹತ್ತು ಕಳೆದರೂ ವರ್ಗಸಂಖ್ಯೆ ಆಗುವ ಒಂದು ವರ್ಗಸಂಖ್ಯೆ ಹುಡುಕಿ. ಭಿನ್ನರಾಶಿ ಇದ್ದರೂ ಸರಿ. ಅಂಥದ್ದು ಇಲ್ಲವೇ ಇಲ್ಲ ಅಂತ ಈಗ ಗೊತ್ತು. ಏಳನೆಯದರ ಕಥೆ ಬೇರೆ. ಒಂದು ಸಂಖ್ಯೆಯ ವರ್ಗಕ್ಕೆ ಆ ಸಂಖ್ಯೆಯನ್ನೂ ಎರಡನ್ನೂ ಕೂಡಿದರೆ ವರ್ಗ ಬರಬೇಕು, ಕಳೆದರೂ ವರ್ಗ ಬರಬೇಕು. ಇದಕ್ಕೆ ಉತ್ತರ ಇದೆ: 34/15. ವರ್ಗ ಮಾಡಿದರೆ 1156/225. ಸಂಖ್ಯೆಗೆ ಎರಡು ಕೂಡಿದರೆ 64/15, ಅಂದರೆ 960/225. ಎರಡನ್ನೂ ಕೂಡಿ, 2116/225 ಬರುತ್ತದೆ, ಅದು 46/15ರ ವರ್ಗ. ಕಳೆಯಿರಿ, 196/225, ಅದು 14/15ರ ವರ್ಗ. ಬಿಡಿಸಲಾಗದ್ದು ಅಂತ ಬರೆದಿಟ್ಟ ಲೆಕ್ಕಕ್ಕೆ ಉತ್ತರ ಇತ್ತು, ಹುಡುಕುವವರು ಬರಬೇಕಿತ್ತು ಅಷ್ಟೆ. ಪಟ್ಟಿ ಮಾಡಿ ಇಡದೇ ಹೋಗಿದ್ದರೆ ಆಮೇಲಿನವರು ಇದನ್ನು ಯಾಕೆ ಹುಡುಕುತ್ತಿದ್ದರು?

ಈ ಮನುಷ್ಯನ ಪೂರ್ತಿ ಹೆಸರು ಬಹಾವುದ್ದೀನ್ ಮುಹಮ್ಮದ್ ಅಲ್ ಆಮಿಲಿ. ಇರಾನಿನ ಜನ ಪ್ರೀತಿಯಿಂದ ಕರೆಯುವುದು ಶೇಖ್ ಬಹಾಯಿ ಅಂತ. (19ನೇ ಶತಮಾನದಲ್ಲಿ ಹುಟ್ಟಿದ ಬಹಾಯಿ ಧರ್ಮಕ್ಕೂ ಇವರಿಗೂ ಯಾವ ಸಂಬಂಧವೂ ಇಲ್ಲ, ಗೊಂದಲ ಬೇಡ.) ಹುಟ್ಟಿದ್ದು 1547ರಲ್ಲಿ, ಈಗಿನ ಲೆಬನಾನಿನ ಬಾಲ್‌ಬೆಕ್‌ನಲ್ಲಿ. ಮನೆತನ ಅಲ್ಲೇ ದಕ್ಷಿಣದ ಜಬಲ್ ಆಮಿಲ್ ಎಂಬ ಗುಡ್ಡಗಾಡಿನದ್ದು. 'ಆಮಿಲಿ' ಅನ್ನುವುದು ಆ ಊರುಗಳ ಗುರುತು. ಹಳ್ಳಿಗಳು ಚಿಕ್ಕವು, ಆದರೆ ಶಿಯಾ ವಿದ್ವಾಂಸರನ್ನು ಬೆಳೆಸಿದ ಊರುಗಳು ಅವು.

ಆಗ ಆ ಭಾಗವನ್ನು ಆಳುತ್ತಿದ್ದವರು ಒಟ್ಟೋಮನ್ ತುರ್ಕರು, ಸುನ್ನಿಗಳು. ಪಕ್ಕದ ಇರಾನಿನಲ್ಲಿ ಸಫವಿಗಳು. 1501ರಲ್ಲಿ ಶಾ ಇಸ್ಮಾಯಿಲ್ ತಬ್ರೀಜ್‌ನಲ್ಲಿ ಪಟ್ಟಕ್ಕೆ ಬಂದು ಹನ್ನೆರಡು ಇಮಾಮರ ಶಿಯಾ ಪಂಥವೇ ರಾಜ್ಯದ ಧರ್ಮ ಅಂತ ಘೋಷಿಸಿಬಿಟ್ಟ. ಘೋಷಿಸಿದ್ದೇನೋ ಆಯಿತು, ಆದರೆ ದೇಶದ ಬಹುಪಾಲು ಜನ ಆಗ ಸುನ್ನಿಗಳು. ಶಿಯಾ ಕಾನೂನು, ಪೂಜಾವಿಧಿ, ಹದೀಸ್ (ಪ್ರವಾದಿಯ ಮಾತು, ನಡೆಗಳ ವರದಿಗಳು) ಇವನ್ನೆಲ್ಲ ಸರಿಯಾಗಿ ಬಲ್ಲವರು ಇರಾನಿನಲ್ಲಿ ಸಾಕಷ್ಟು ಇರಲಿಲ್ಲ. ಹಾಗಾಗಿ ಹೊರಗಿನಿಂದ ಕರೆಸಬೇಕಾಯಿತು. ಜಬಲ್ ಆಮಿಲ್, ಇರಾಕ್, ಬಹ್ರೇನ್ ಕಡೆಯಿಂದ ವಿದ್ವಾಂಸರು ಬಂದರು. ಈ ವಲಸೆ ಒಂದೆರಡು ತಲೆಮಾರು ನಡೆಯಿತು. ಇವತ್ತು ಇರಾನ್ ಅಂದರೆ ಶಿಯಾ ಅಂತ ನಾವು ಸಲೀಸಾಗಿ ಹೇಳುತ್ತೇವಲ್ವಾ, ಅದರ ಹಿಂದೆ ಅರಬ್ಬಿ ಮಾತಾಡುತ್ತಿದ್ದ ಈ ವಲಸಿಗರ ದುಡಿಮೆ ಬಹಳ ಇದೆ. ಅದರ ಹಿಂದೆ ಬಲವಂತವೂ ಇತ್ತು ಅನ್ನೋದನ್ನು ಮರೆಮಾಚಬಾರದು. ಕತ್ತಿಯ ಭಯದಲ್ಲಿ ಪಂಥ ಬದಲಾಯಿಸಿದವರು ಇದ್ದರು, ಊರು ಬಿಟ್ಟು ಹೋದವರೂ ಇದ್ದರು.

ಶೇಖ್ ಬಹಾಯಿ ಅವರ ತಂದೆ ಹುಸೇನ್ ಬಿನ್ ಅಬ್ದುಸ್ಸಮದ್ ಹೀಗೆ ಬಂದವರಲ್ಲಿ ಒಬ್ಬರು. ಅವರ ಗುರು ಜೈನುದ್ದೀನ್ ಅಲ್ ಆಮಿಲಿ. ಅವರನ್ನು ಒಟ್ಟೋಮನ್ನರು 1558ರಲ್ಲಿ ಕೊಂದರು, ಶಿಯಾ ಲೋಕ ಅವರನ್ನು 'ಎರಡನೆಯ ಹುತಾತ್ಮ' ಅಂತ ನೆನೆಯುತ್ತದೆ. ಊರಿನ ವಾತಾವರಣ ಹೀಗಿದ್ದಾಗ ಮಗನನ್ನು ಕರೆದುಕೊಂಡು ತಂದೆ ಇರಾನಿಗೆ ಬಂದರು. ಹುಡುಗ ಆಗ ಇನ್ನೂ ಚಿಕ್ಕವನು. ಮನೆಮಾತು ಅರಬ್ಬಿ, ಹೊರಗೆಲ್ಲ ಪರ್ಶಿಯನ್. ತಂದೆ ಕಜ್ವೀನ್, ಮಶ್‌ಹದ್, ಹೆರಾತ್ ಹೀಗೆ ಶಾ ಕಳಿಸಿದ ಕಡೆಯೆಲ್ಲ ಧರ್ಮಾಧಿಕಾರಿಯಾಗಿ ಕೆಲಸ ಮಾಡಿದರು. ಕೊನೆಗೆ ಇದೆಲ್ಲ ಸಾಕಾಗಿ ಬಹ್ರೇನಿಗೆ ಹೋಗಿ ಅಲ್ಲೇ ತೀರಿಕೊಂಡರು. ಅಲ್ಲಿಂದ ಮಗನಿಗೆ ಅವರು ಹೇಳಿ ಕಳಿಸಿದರು ಅನ್ನುವ ಒಂದು ಮಾತು ಬಹಳ ಪ್ರಸಿದ್ಧ: ಈ ಲೋಕ ಬೇಕಾದರೆ ಹಿಂದೂಸ್ತಾನಕ್ಕೆ ಹೋಗು, ಪರಲೋಕ ಬೇಕಾದರೆ ಬಹ್ರೇನಿಗೆ ಬಾ, ಎರಡೂ ಬೇಡ ಅಂದರೆ ಇರಾನಿನಲ್ಲೇ ಇರು. ಶಾಗಳಿಗೆ ಹತ್ತಿರವಾಗಿ ಆಯುಷ್ಯ ಕಳೆದ ವಿದ್ವಾಂಸನ ಸಂಕಟ ಇದರಲ್ಲಿ ಪೂರ್ತಿ ಕಾಣುತ್ತದೆ.

ಮಗ ಇರಾನಿನಲ್ಲೇ ಉಳಿದರು. ಶಾ ಅಬ್ಬಾಸನ ಕಾಲದಲ್ಲಿ ಇಸ್ಫಹಾನಿನ ಶೇಖುಲ್ ಇಸ್ಲಾಂ ಆದರು, ರಾಜಧಾನಿಯ ದೊಡ್ಡ ಧರ್ಮಾಧಿಕಾರಿಯ ಹುದ್ದೆ ಅದು. ಮೊದಲು ಈ ಹುದ್ದೆಯಲ್ಲಿದ್ದವರು ಅವರ ಮಾವ, ಅವರೂ ಜಬಲ್ ಆಮಿಲ್‌ನವರೇ, ಶೇಖ್ ಅಲಿ ಮಿನ್ಶಾರ್. ಈ ಮಾವ ಹಿಂದೂಸ್ತಾನದಲ್ಲಿ ಇದ್ದು ಬಂದವರು, ಅಲ್ಲಿಂದ ರಾಶಿ ಪುಸ್ತಕ ತಂದಿದ್ದರು, ಸುಮಾರು 4000 ಅಂತ ಹಳೆಯ ಜೀವನಚರಿತ್ರೆಗಳು ಹೇಳುತ್ತವೆ. ಒಬ್ಬಳೇ ಮಗಳು. ಅಷ್ಟೂ ಪುಸ್ತಕ ಆಕೆಗೆ ಬಂತು. ಆಕೆಯೂ ಓದಿದವರು, ಹದೀಸ್ ಮತ್ತು ಧರ್ಮಶಾಸ್ತ್ರ ಬಲ್ಲವರು, ಹೆಂಗಸರಿಗೆ ಪಾಠ ಹೇಳುತ್ತಿದ್ದರು. ಆಕೆಯ ಬಗ್ಗೆ ಇನ್ನೂ ಜಾಸ್ತಿ ಬರೆದಿಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತ ನನಗೆ ಅನಿಸುತ್ತಲೇ ಇರುತ್ತದೆ. ಗಂಡನ ಬಗ್ಗೆ ಸಾವಿರ ಕಥೆ, ಹೆಂಡತಿಯ ಬಗ್ಗೆ ನಾಲ್ಕು ಸಾಲು.

ದೊಡ್ಡ ಹುದ್ದೆ ಸಿಕ್ಕಿದರೂ ಮನಸ್ಸು ಅದರಲ್ಲಿ ನಿಲ್ಲಲಿಲ್ಲ. ಎಲ್ಲ ಬಿಟ್ಟು ಫಕೀರನ ವೇಷದಲ್ಲಿ ತಿರುಗಾಟಕ್ಕೆ ಹೊರಟರು. ಈಜಿಪ್ಟ್, ಜೆರುಸಲೇಮ್, ಡಮಾಸ್ಕಸ್, ಅಲೆಪ್ಪೊ. ಎಲ್ಲವೂ ಒಟ್ಟೋಮನ್ನರ ಊರುಗಳು, ಇರಾನಿನ ಶಿಯಾ ಧರ್ಮಗುರು ಅಂತ ಗೊತ್ತಾದರೆ ಅಪಾಯ. ಹಾಗಾಗಿ ಯಾರು ಅಂತ ಹೇಳಿಕೊಳ್ಳದೆ ಓಡಾಡಿದರು. ಜೆರುಸಲೇಮಿನ ಒಬ್ಬ ಸುನ್ನಿ ವಿದ್ವಾಂಸ ಇವರ ಬಳಿ ಖಗೋಳ, ರೇಖಾಗಣಿತ ಕಲಿತ ಕಥೆ ನನಗೆ ಬಹಳ ಇಷ್ಟ. ಈಜಿಪ್ಟಿನಿಂದ ಬಂದ ಈ ಗಂಭೀರ ಅಪರಿಚಿತನ ಮುಖ ನೋಡಿದ ಕೂಡಲೇ ಆ ವಿದ್ವಾಂಸನಿಗೆ ಇವರು ಸಾಮಾನ್ಯರಲ್ಲ ಅನಿಸಿತಂತೆ. ಪಾಠ ಹೇಳಿಕೊಡಿ ಅಂತ ಕೇಳಿಕೊಂಡ. ಇವರು ಒಪ್ಪಿದರು, ಆದರೆ ಯಾರಿಗೂ ಹೇಳಬಾರದು ಅನ್ನುವ ಷರತ್ತು. ಗಣಿತಕ್ಕೆ ಪಂಥದ ಗೋಡೆ ಅಡ್ಡ ಬರಲಿಲ್ಲ. ಡಮಾಸ್ಕಸ್‌ನಲ್ಲಿ ಹಸನ್ ಅಲ್ ಬೂರೀನಿ ಎಂಬ ಸುನ್ನಿ ವಿದ್ವಾಂಸನ ಜೊತೆ ಮಾತುಕತೆಯಾಯಿತು. ಆದರೆ ಅಲೆಪ್ಪೊದಲ್ಲಿ ಗುಟ್ಟು ನಿಲ್ಲಲಿಲ್ಲ. ಇವರು ಬಂದಿದ್ದಾರೆ ಅಂತ ಜಬಲ್ ಆಮಿಲ್‌ನ ಜನಕ್ಕೆ ಹೇಗೋ ಗೊತ್ತಾಗಿ ಗುಂಪು ಗುಂಪಾಗಿ ನೋಡೋಕೆ ಬರತೊಡಗಿದರು. ಗುರುತು ಬಯಲಾಗುತ್ತದೆ ಅಂತ ಇವರು ಅಲ್ಲಿಂದ ಹೊರಟೇಬಿಟ್ಟರು. ಹುಟ್ಟಿದ ಸೀಮೆಯ ಜನ ಪ್ರೀತಿಯಿಂದ ಹುಡುಕಿಕೊಂಡು ಬಂದಾಗ ಅವರಿಂದಲೇ ತಪ್ಪಿಸಿಕೊಂಡು ಹೋಗಬೇಕಾದ ಸ್ಥಿತಿ.

ಓದಿದ್ದು, ಕೇಳಿದ್ದು, ಕವಿತೆ, ಹಾಸ್ಯ, ಒಗಟು, ಗಣಿತದ ಚಮತ್ಕಾರ ಎಲ್ಲವನ್ನೂ ಸೇರಿಸಿ ಅವರು ಮಾಡಿದ ಸಂಗ್ರಹದ ಹೆಸರು 'ಕಶ್ಕೂಲ್', ಫಕೀರರು ಭಿಕ್ಷೆಗೆ ಹಿಡಿಯುವ ಪಾತ್ರೆ ಅಂತ ಅರ್ಥ. ಅದರಲ್ಲಿ ಒಂದು ಕಡೆ ತಮ್ಮ ಬದುಕಿನ ಬಗ್ಗೆ ನೋವಿನಿಂದ ಹೇಳುತ್ತಾರೆ: ತಂದೆ ಅರಬ್ ನಾಡು ಬಿಟ್ಟು ಇರಾನಿಗೆ ಬಂದು ರಾಜರ ಒಡನಾಟಕ್ಕೆ ಬೀಳದೆ ಇದ್ದಿದ್ದರೆ ನಾನು ಇನ್ನೂ ಒಳ್ಳೆಯ ಭಕ್ತನಾಗಿರುತ್ತಿದ್ದೆ ಅನ್ನುವ ಅರ್ಥದ ಮಾತು. ಪರ್ಶಿಯನ್ನಿನಲ್ಲಿ ಬರೆದ 'ನಾನ್ ವ ಹಲ್ವಾ' ಎಂಬ ಕಾವ್ಯದಲ್ಲೂ ಇದೇ ಧಾಟಿ. ಬರೀ ಪುಸ್ತಕ ಓದಿ ಬೀಗುವವರನ್ನು, ಅಧಿಕಾರದ ಬಾಗಿಲಲ್ಲಿ ನಿಲ್ಲುವ ಪಂಡಿತರನ್ನು ಅಲ್ಲಿ ಗದರುತ್ತಾರೆ. ಆ ಬಾಗಿಲಲ್ಲಿ ಅವರೂ ನಿಂತಿದ್ದರು, ಅದು ಅವರಿಗೂ ಗೊತ್ತಿತ್ತು.

ಶಾ ಅಬ್ಬಾಸನ ಆಸ್ಥಾನದಲ್ಲಿ ಇನ್ನೊಬ್ಬ ದೊಡ್ಡ ವಿದ್ವಾಂಸ ಇದ್ದರು, ತತ್ವಜ್ಞಾನಿ ಮೀರ್ ದಾಮಾದ್. ಇಬ್ಬರೂ ಶಾ ಜೊತೆ ಕುದುರೆ ಮೇಲೆ ಹೋಗುತ್ತಿದ್ದಾಗ ನಡೆದದ್ದು ಅಂತ ಒಂದು ಕಥೆ ಹೇಳುತ್ತಾರೆ. ಮೀರ್ ದಾಮಾದ್ ದಪ್ಪ ಮೈ, ಅವರ ಕುದುರೆ ಏದುಸಿರು ಬಿಡುತ್ತಾ ಹಿಂದೆ. ಶೇಖ್ ಸಣಕಲು, ಅವರ ಕುದುರೆ ಕುಣಿಯುತ್ತಾ ಮುಂದೆ. ಇಬ್ಬರಿಗೂ ಹೊಟ್ಟೆಕಿಚ್ಚು ಇದೆಯಾ ನೋಡೋಣ ಅಂತ ಶಾ ಮೀರ್ ಹತ್ತಿರ ಹೋಗಿ, ನೋಡಿ ಆ ಶೇಖ್ ಹೇಗೆ ಗಾಂಭೀರ್ಯ ಇಲ್ಲದೆ ಓಡಿಸುತ್ತಿದ್ದಾರೆ ಅಂದ. ಅಂಥವರನ್ನು ಹೊತ್ತ ಸಂತೋಷಕ್ಕೆ ಕುದುರೆ ಕುಣಿಯುತ್ತಿದೆ ಅಂದರು ಮೀರ್. ಆಮೇಲೆ ಶೇಖ್ ಹತ್ತಿರ ಬಂದು, ಮೀರ್ ಎಷ್ಟು ಹಿಂದೆ ಬಿದ್ದಿದ್ದಾರೆ ನೋಡಿ ಅಂದ. ಜ್ಞಾನದ ಬೆಟ್ಟವನ್ನೇ ಹೊತ್ತಿದೆ, ಕುದುರೆಗೆ ಆಯಾಸ ಆಗದೆ ಇರುತ್ತಾ ಅಂದರು ಶೇಖ್. ನಡೆದದ್ದೇ ಇರಲಿ ಕಟ್ಟಿದ್ದೇ ಇರಲಿ, ಜನ ಇಬ್ಬರನ್ನೂ ಹೇಗೆ ಕಂಡರು ಅನ್ನೋದು ಇದರಲ್ಲಿ ಗೊತ್ತಾಗುತ್ತದೆ.

ಕಟ್ಟಿದ ಕಥೆಗಳು ಇನ್ನೂ ಬಹಳ. ಇಸ್ಫಹಾನಿನಲ್ಲಿ ಅವರ ಹೆಸರಿನ ಸ್ನಾನದ ಮನೆ ಇದೆ, ಅದರ ನೀರನ್ನು ಒಂದೇ ಒಂದು ಮೇಣದಬತ್ತಿಯಿಂದ ಕಾಯಿಸುವ ಹಾಗೆ ಮಾಡಿದ್ದರು ಅಂತ ಹೇಳುತ್ತಾರೆ. ಒಂದು ಮೇಣದಬತ್ತಿಯ ಶಾಖ ಎಷ್ಟು, ಒಂದು ಸ್ನಾನದ ಮನೆಯ ನೀರು ಎಷ್ಟು, ಲೆಕ್ಕ ಹಾಕಿ ನೋಡಿದರೆ ಸಾಕು. ಜಾಯಂದೆ ರೂದ್ ನದಿಯ ನೀರನ್ನು ಹಳ್ಳಿಗಳಿಗೆ 33 ಪಾಲಾಗಿ ಹಂಚಿದ ಪ್ರಸಿದ್ಧ ದಾಖಲೆಯನ್ನೂ ಅವರ ಹೆಸರಿಗೇ ಹೇಳುತ್ತಾರೆ. ಆದರೆ ಆ ದಾಖಲೆಯ ಮೇಲಿರುವ ತಾರೀಖು ಹಿಜರಿ 923, ಅಂದರೆ 1517. ಆಗ ಇವರು ಹುಟ್ಟಿಯೇ ಇರಲಿಲ್ಲ. ಇಂಥ ಪವಾಡಗಳ ಅಡಿಯಲ್ಲಿ ಅವರ ನಿಜವಾದ ಕೆಲಸ ಮುಚ್ಚಿಹೋಗುತ್ತದೆ ಅನ್ನೋದೇ ನನ್ನ ತಕರಾರು. ನನ್ನ ಪ್ರಕಾರ ಅವರ ದೊಡ್ಡತನ ಬೇರೆ ಕಡೆ ಇದೆ: ಕಷ್ಟದ ವಿಷಯವನ್ನು ಮಾಮೂಲಿ ಓದುಗನಿಗೆ ತಲುಪಿಸೋಕೆ ಅವರು ಪಟ್ಟ ಶ್ರಮದಲ್ಲಿ.

'ಜಾಮಿಎ ಅಬ್ಬಾಸಿ' ತಗೊಳ್ಳಿ. ಶಾ ಅಬ್ಬಾಸ್ ಕೇಳಿದ ಅಂತ ಬರೆದದ್ದು. ಆವರೆಗೆ ಧರ್ಮಶಾಸ್ತ್ರದ ಪುಸ್ತಕ ಅಂದರೆ ಹೆಚ್ಚಾಗಿ ಅರಬ್ಬಿಯಲ್ಲಿ, ಪಂಡಿತರು ಪಂಡಿತರಿಗೆ ಬರೆದದ್ದು. ಇದು ಪರ್ಶಿಯನ್ನಿನಲ್ಲಿ, ಓದು ಬಲ್ಲ ಯಾರಿಗಾದರೂ ಅರ್ಥವಾಗುವ ಹಾಗೆ. ಶುದ್ಧಿ, ನಮಾಜು, ಜಕಾತ್, ಉಪವಾಸ, ಹಜ್ ವಿಷಯದ ಮೊದಲ ಐದು ಅಧ್ಯಾಯ ಮುಗಿಸುವಷ್ಟರಲ್ಲಿ ತೀರಿಕೊಂಡರು. ಉಳಿದದ್ದನ್ನು ಶಿಷ್ಯ ನಿಜಾಮುದ್ದೀನ್ ಸಾವಜಿ ಬರೆದು 20 ಅಧ್ಯಾಯ ತುಂಬಿಸಿದ. ಅರಬ್ಬಿ ಮನೆಮಾತಿನ ಒಬ್ಬ ವಲಸಿಗ, ಬಂದ ನಾಡಿನ ಜನಕ್ಕೆ ಅವರದೇ ಭಾಷೆಯಲ್ಲಿ ಅವರ ಹೊಸ ಧರ್ಮದ ಕೈಪಿಡಿ ಬರೆದುಕೊಟ್ಟರು. ಧರ್ಮಪ್ರಚಾರ ಅಂದರೆ ನನಗೆ ಭಾಷಣಕ್ಕಿಂತ ಇಂಥ ಕೆಲಸವೇ ನೆನಪಿಗೆ ಬರುತ್ತದೆ.

ಧರ್ಮಗುರುವಿಗೆ ಇಷ್ಟು ಗಣಿತ ಯಾಕೆ ಅಂತ ಕೇಳಬಹುದು. ಅವರಿಗೆ ಅದು ಬೇಕೇ ಬೇಕಿತ್ತು. ಮೆಕ್ಕಾ ಯಾವ ದಿಕ್ಕಿಗಿದೆ, ನಮಾಜಿನ ಹೊತ್ತು ಯಾವಾಗ, ಸತ್ತವರ ಆಸ್ತಿಯಲ್ಲಿ ಮಗಳಿಗೆಷ್ಟು ತಾಯಿಗೆಷ್ಟು, ಎಲ್ಲದಕ್ಕೂ ಲೆಕ್ಕ ಬೇಕು. ಶಿಯಾ ಕಾನೂನಿನಲ್ಲಿ 'ಕುರ್' ಅಂತ ನೀರಿನ ಒಂದು ಅಳತೆ ಇದೆ. ಅಷ್ಟು ನೀರು ಇದ್ದರೆ ಕೊಳೆ ತಾಕಿದ ಮಾತ್ರಕ್ಕೆ ಅದು ಅಶುದ್ಧ ಆಗುವುದಿಲ್ಲ. ಒಂದು ಪ್ರಸಿದ್ಧ ಅಭಿಪ್ರಾಯದ ಪ್ರಕಾರ ಉದ್ದ, ಅಗಲ, ಆಳ ಮೂರೂ ಮೂರೂವರೆ ಗೇಣು ಇರಬೇಕು. ಗುಣಿಸಿದರೆ 42 ಮತ್ತು 7/8 ಘನ ಗೇಣು. ತೊಟ್ಟಿ ಚೌಕವಾಗಿದ್ದರೆ ಸುಲಭ. ದುಂಡಗಿದ್ದರೆ? ಅಲ್ಲಿಗೆ ಗಣಿತ ಬಂತು.

ಇನ್ನು ಅವರ ಲೆಕ್ಕದ ಪುಸ್ತಕದ ಒಳಗೆ ಏನಿದೆ ಅನ್ನೋದು. ಒಂಬತ್ತನ್ನು ತೆಗೆದು ಉತ್ತರ ಸರಿಯಿದೆಯಾ ನೋಡುವ ವಿಧಾನ ಇದೆ. ಎರಡು ಸಲ ಊಹಿಸಿ, ಎರಡರ ತಪ್ಪಿನಿಂದ ಸರಿ ಉತ್ತರಕ್ಕೆ ಬರುವ ವಿಧಾನ ಇದೆ. ಉತ್ತರದಿಂದ ಹಿಂದಕ್ಕೆ ನಡೆಯುವ ವಿಧಾನ ಇದೆ. ಕಾಲುವೆ ತೋಡೋಕೆ ನೆಲದ ಮಟ್ಟ ನೋಡುವುದು, ನದಿಯ ಅಗಲ, ಬಾವಿಯ ಆಳ ಅಳೆಯುವುದು ಕೂಡ. ಉದಾಹರಣೆಗಳು ಮುದ್ದಾಗಿವೆ. ಒಂದು ಮೀನಿನ ಮೂರನೇ ಒಂದು ಭಾಗ ಕೆಸರಿನಲ್ಲಿ, ಕಾಲು ಭಾಗ ನೀರಿನಲ್ಲಿ, ಹೊರಗೆ ಕಾಣುವುದು ಮೂರು ಗೇಣು, ಮೀನಿನ ಉದ್ದ ಎಷ್ಟು? ಏಳು ಗೇಣು ಮತ್ತು ಗೇಣಿನ ಐದನೇ ಒಂದು ಪಾಲು.

ಇನ್ನೊಂದು ಲೆಕ್ಕ ನೋಡಿ ನಾನು ಖುಷಿಯಿಂದ ಕುಣಿಯುವುದೊಂದು ಬಾಕಿ. ಕೊಳದಲ್ಲಿ ಒಂದು ಈಟಿ ನೆಟ್ಟಿದೆ. ನೀರಿನ ಮೇಲೆ ಮೂರು ಮೊಳ ಕಾಣುತ್ತಿದೆ. ಬುಡ ಅಲ್ಲಾಡದೆ ಅದು ವಾಲುತ್ತಾ ಹೋಗಿ ತುದಿ ನೀರಿನ ಮಟ್ಟಕ್ಕೆ ತಾಕಿತು, ಮೊದಲು ನಿಂತಿದ್ದ ಜಾಗದಿಂದ ಹತ್ತು ಮೊಳ ದೂರದಲ್ಲಿ. ಈಟಿಯ ಉದ್ದ ಎಷ್ಟು? ನೀರಿನ ಆಳ 15 ಮೊಳ ಮತ್ತು 1/6, ಈಟಿ 18 ಮೊಳ ಮತ್ತು 1/6. ಎಲ್ಲೋ ಕೇಳಿದ ಹಾಗಿದೆ ಅಲ್ವಾ? 1150ರಲ್ಲಿ ಭಾಸ್ಕರಾಚಾರ್ಯರು ಬರೆದ 'ಲೀಲಾವತಿ'ಯಲ್ಲಿ ಗಾಳಿಗೆ ವಾಲಿ ಮುಳುಗುವ ತಾವರೆಯ ಲೆಕ್ಕ ಇದೇ ಜಾತಿಯದ್ದು. ಅಲ್ಲಿ ತಾವರೆ, ಇಲ್ಲಿ ಈಟಿ. ಯಾರು ಯಾರಿಂದ ತಗೊಂಡರು ಅನ್ನುವ ಜಗಳಕ್ಕೆ ನಾನು ಇಳಿಯುವುದಿಲ್ಲ. ಒಳ್ಳೆಯ ಲೆಕ್ಕಗಳು ವ್ಯಾಪಾರಿಗಳ, ಯಾತ್ರಿಕರ ಜೊತೆ ಊರೂರು ಸುತ್ತುತ್ತವೆ.

ಖಗೋಳದ ಮೇಲೆ 'ತಶ್ರೀಹ್ ಅಲ್ ಅಫ್ಲಾಕ್' ಅಂತ ಚಿಕ್ಕ ಪಠ್ಯ ಬರೆದರು, ನಕ್ಷತ್ರಗಳ ಎತ್ತರ ಅಳೆಯುವ ಆಸ್ಟ್ರೋಲೇಬ್ ಎಂಬ ಉಪಕರಣ ಬಳಸೋದು ಹೇಗೆ ಅಂತ ಪರ್ಶಿಯನ್ನಿನಲ್ಲಿ ಇನ್ನೊಂದು. ಹದೀಸ್, ವ್ಯಾಕರಣ, ಪ್ರಾರ್ಥನೆ ಇವುಗಳ ಮೇಲಿನ ಪುಸ್ತಕಗಳನ್ನು ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ಶಿಷ್ಯರಲ್ಲಿ ಶಿರಾಜಿನ ಮುಲ್ಲಾ ಸದ್ರಾ ಒಬ್ಬರು, ಆಮೇಲೆ ಇಸ್ಲಾಮಿನ ದೊಡ್ಡ ತತ್ವಜ್ಞಾನಿಗಳಲ್ಲಿ ಒಬ್ಬರಾದವರು.

ತಂದೆ ಹೇಳಿದರೂ ಶೇಖ್ ಬಹಾಯಿ ಹಿಂದೂಸ್ತಾನಕ್ಕೆ ಬರಲಿಲ್ಲ. ಆದರೆ ಅವರ ಶಿಷ್ಯ ಬಂದ, ಅದೂ ನಮ್ಮ ದಖ್ಖನಿಗೆ. ಜಬಲ್ ಆಮಿಲ್‌ನವನೇ ಆದ ಇಬ್ನ್ ಖಾತೂನ್ ಗೋಲ್ಕೊಂಡಕ್ಕೆ ಬಂದು ಕುತುಬ್ ಶಾಹಿಗಳ ಕೈಕೆಳಗೆ ಪೇಶ್ವೆ, ಅಂದರೆ ಪ್ರಧಾನಮಂತ್ರಿ, ಹುದ್ದೆಯವರೆಗೆ ಏರಿದ. ಗುರು ಸಂಗ್ರಹಿಸಿದ ನಲವತ್ತು ಹದೀಸ್‌ಗಳ ಪುಸ್ತಕವನ್ನು ಪರ್ಶಿಯನ್ನಿಗೆ ತಂದ, ಅದಕ್ಕೆ 'ತರ್ಜುಮಾಎ ಕುತುಬ್ ಶಾಹಿ' ಅಂತಲೇ ಹೆಸರು. ಇಂಥ ನಂಟುಗಳನ್ನು ನಮ್ಮ ಶಾಲೆಯ ಇತಿಹಾಸದಲ್ಲಿ ಯಾರೂ ಹೇಳಿಕೊಡಲಿಲ್ಲ. ಗೋಲ್ಕೊಂಡ ಅಂದರೆ ವಜ್ರ ಮತ್ತು ಕೋಟೆ, ಅಷ್ಟಕ್ಕೇ ನಿಲ್ಲಿಸಿಬಿಡುತ್ತೇವೆ.

ಲೆಕ್ಕದ ಪುಸ್ತಕವಂತೂ ಇನ್ನೂ ದೂರ ಹೋಯಿತು. ತಾಜ್ ಮಹಲಿನ ವಾಸ್ತುಶಿಲ್ಪಿ ಅಂತ ಹೆಸರಾದ ಉಸ್ತಾದ್ ಅಹ್ಮದ್ ಲಾಹೋರಿಯ ಮಗ ಲುತ್ಫುಲ್ಲಾ ಅದರ ಸಾರವನ್ನು ಪರ್ಶಿಯನ್ನಿನಲ್ಲಿ ಬರೆದ. ಉತ್ತರ ಭಾರತದ ಮದರಸಾಗಳ 'ದರ್ಸೆ ನಿಜಾಮಿ' ಪಠ್ಯಕ್ರಮದಲ್ಲಿ ಗಣಿತಕ್ಕೆ ಈ ಪುಸ್ತಕವೇ ಇತ್ತು. ಸುನ್ನಿ ಹುಡುಗರು ಒಬ್ಬ ಶಿಯಾ ಗುರುವಿನ ಪುಸ್ತಕದಿಂದ ಲೆಕ್ಕ ಕಲಿತರು, ಅದರಿಂದ ಯಾರಿಗೂ ತೊಂದರೆ ಆಗಲಿಲ್ಲ. 1812ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾಯಿತು. 1843ರಲ್ಲಿ ನೆಸೆಲ್‌ಮನ್ ಎಂಬ ವಿದ್ವಾಂಸ ಬರ್ಲಿನ್‌ನಲ್ಲಿ ಜರ್ಮನ್ ಅನುವಾದ ಪ್ರಕಟಿಸಿದ, ಆಮೇಲೆ ಅರಿಸ್ಟೀಡ್ ಮಾರ್ ಫ್ರೆಂಚ್‌ಗೆ ತಂದ.

ಅವರು ಇಸ್ಫಹಾನಿನಲ್ಲಿ ತೀರಿಕೊಂಡಾಗ, ಅವರ ಇಷ್ಟದಂತೆ ದೇಹವನ್ನು ಮಶ್‌ಹದ್‌ಗೆ ಒಯ್ದು ಇಮಾಮ್ ರಜಾ ದರ್ಗಾದ ಹತ್ತಿರ ಮಣ್ಣು ಮಾಡಿದರು. ಈಗ ಅವರ ಸಮಾಧಿ ದರ್ಗಾದ ಆವರಣದ ಒಳಗೇ ಇದೆ. ಇರಾನಿನಲ್ಲಿ ಪ್ರತಿ ವರ್ಷ ಏಪ್ರಿಲ್ ಕೊನೆಯ ಭಾಗದಲ್ಲಿ ಅವರ ನೆನಪಿನ ದಿನ ಆಚರಿಸುತ್ತಾರೆ, ಅದೇ ದಿನ ವಾಸ್ತುಶಿಲ್ಪಿಗಳ ದಿನವೂ ಹೌದು.

ಅರಬ್ಬಿ ಬಲ್ಲ ಕನ್ನಡಿಗರು ನಮ್ಮಲ್ಲಿ ಕಡಿಮೆ ಇಲ್ಲ. ಅವರಲ್ಲಿ ಒಬ್ಬರು, ಗಣಿತ ಗೊತ್ತಿರುವ ಒಬ್ಬ ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಈ ಪುಸ್ತಕವನ್ನು ಕನ್ನಡಕ್ಕೆ ತರಬೇಕು ಅಂತ ನನಗೆ ಬಹಳ ಆಸೆ. ದೊಡ್ಡ ಪುಸ್ತಕವೇನಲ್ಲ. ಪೂರ್ತಿ ಆಗದಿದ್ದರೆ ಈಟಿ, ಮೀನು ಇರುವ ಹತ್ತನೇ ಅಧ್ಯಾಯದಂಥ ಒಂದಷ್ಟು ಭಾಗ ಆದರೂ ಸಾಕು, ಹೈಸ್ಕೂಲ್ ಮಕ್ಕಳು ಓದಿ ಬಿಡಿಸಬಹುದು. ಯಾರಾದರೂ ಈಗಾಗಲೇ ಈ ಕೆಲಸ ಶುರು ಮಾಡಿದ್ದರೆ ದಯವಿಟ್ಟು ನನಗೆ ತಿಳಿಸಿ, ಕರಡು ತಿದ್ದೋಕೆ, ಲೆಕ್ಕಗಳನ್ನು ಮತ್ತೆ ಮಾಡಿ ನೋಡೋಕೆ ನಾನು ಜೊತೆಗಿರುತ್ತೇನೆ.